ಚಂದ್ರಗಿರಿ ದಾಟಿ ಬಂದ ಲೆಕ್ಕಿಗ: ಫ್ರಾನ್ಸಿಸ್ ಬುಕಾನನ್



ಚಂದ್ರಗಿರಿ ಸೇತುವೆಯ ಮೇಲೆ ಬಸ್ಸು ಸಾಗುವಾಗ ನಮ್ಮಲ್ಲಿ ಹೆಚ್ಚಿನವರು ಒಮ್ಮೆಯಾದರೂ ಹೊಳೆಯ ಕಡೆ ಕಣ್ಣು ಹಾಯಿಸುತ್ತೇವೆ. 1801ರ ಜನವರಿಯಲ್ಲಿ ಇದೇ ಹೊಳೆಯನ್ನು ತೆಂಕಿನಿಂದ ಬಡಗಿಗೆ ದಾಟಿದ ಒಬ್ಬ ಪರದೇಶಿಯ ಜೀವನವನ್ನು ಈ ಸಲ ನಿಮ್ಮ ಮುಂದಿಡುತ್ತಿದ್ದೇವೆ. ಆತನ ಹೆಸರು ಫ್ರಾನ್ಸಿಸ್ ಬುಕಾನನ್. ನಮ್ಮ ನಾಡಿನ ಚರಿತ್ರೆ ಬರೆಯುವವರು ಆತನನ್ನು ಮತ್ತೆ ಮತ್ತೆ ಉಲ್ಲೇಖಿಸುತ್ತಾರೆ. ಆದರೆ ಆತ ಇಲ್ಲಿಗೆ ಬಂದದ್ದು ಚರಿತ್ರೆ ಬರೆಯಲಿಕ್ಕಲ್ಲ, ಒಂದು ವ್ಯಾಪಾರಿ ಕಂಪೆನಿಗೆ ಲೆಕ್ಕ ಒಪ್ಪಿಸಲಿಕ್ಕೆ.

ಬುಕಾನನ್ ಹುಟ್ಟಿದ್ದು 1762ರಲ್ಲಿ, ಸ್ಕಾಟ್ಲೆಂಡಿನ ಕ್ಯಾಲಂಡರ್ ಎಂಬ ಊರಿನ ಬಳಿ. ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ವೈದ್ಯ ಓದಿ 1783ರಲ್ಲಿ ಪದವಿ ಪಡೆದ. ಮನಸ್ಸು ಮಾತ್ರ ಗಿಡಮರಗಳ ಕಡೆಗಿತ್ತು. ಕೆಲವು ವರ್ಷ ಹಡಗಿನ ವೈದ್ಯನಾಗಿ ತಿರುಗಿ, 1794ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಬಂಗಾಳದ ವೈದ್ಯಕೀಯ ಸೇವೆಗೆ ಸೇರಿದ. ಮರುವರ್ಷ ಬರ್ಮಾಕ್ಕೆ ಹೋದ ರಾಯಭಾರ ತಂಡದಲ್ಲಿದ್ದ. 1798ರಲ್ಲಿ ಚಿತ್ತಗಾಂಗ್ ಸೀಮೆಯಲ್ಲಿ ಸಾಂಬಾರ ಬೆಳೆ ಬೆಳೆಯಬಹುದೇ ಎಂದು ನೋಡಿಬರಲು ಕಂಪೆನಿ ಆತನನ್ನೇ ಕಳಿಸಿತು. ಬಂಡವಾಳ ಹಾಕುವ ಮೊದಲು ಸ್ಥಳಕ್ಕೆ ಹೋಗಿ, ನೋಡಿ, ಬರೆದು ತರುವವನೊಬ್ಬ ಬೇಕು ಎಂಬ ಬುದ್ಧಿ ಆ ವ್ಯಾಪಾರಿಗಳಿಗೆ ಆಗಲೇ ಇತ್ತು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಟಿಪ್ಪುವಿನ ಆಳ್ವಿಕೆಯಲ್ಲಿದ್ದ ಕೆನರಾ ಕಂಪೆನಿಯ ವಶವಾಯಿತು. ಮಲಬಾರು ಅದಕ್ಕೂ ಮೊದಲೇ ಕೈಸೇರಿತ್ತು. ನಾಡೇನೋ ಸಿಕ್ಕಿತು, ಆದರೆ ಅಲ್ಲಿ ಏನು ಬೆಳೆಯುತ್ತದೆ, ಎಷ್ಟು ಬೆಳೆಯುತ್ತದೆ, ಯಾರು ದುಡಿಯುತ್ತಾರೆ, ಯಾವ ಸರಕು ಯಾವ ದಾರಿಯಲ್ಲಿ ಹೋಗುತ್ತದೆ ಎಂಬುದು ಹೊಸ ಯಜಮಾನರಿಗೆ ತಿಳಿಯದು. 1800ರ ಫೆಬ್ರವರಿಯಲ್ಲಿ ಗವರ್ನರ್ ಜನರಲ್ ವೆಲ್ಲೆಸ್ಲಿ ಬುಕಾನನನಿಗೆ ಈ ಕೆಲಸ ವಹಿಸಿದ. ಕೇಳಬೇಕಾದ ವಿಷಯಗಳ ಪಟ್ಟಿಯೂ ಜತೆಗಿತ್ತು. ಮೊದಲ ಸ್ಥಾನ ಕೃಷಿಗೆ. ಆಮೇಲೆ ಜಾನುವಾರು, ಹತ್ತಿ, ಕಾಳುಮೆಣಸು, ಶ್ರೀಗಂಧ, ಏಲಕ್ಕಿ, ಗಣಿ, ಕೈಕಸುಬು, ಹವೆ, ಜನಜೀವನ.

ಏಪ್ರಿಲ್ 23ರಂದು ಆತ ಮದರಾಸಿನಿಂದ ಹೊರಟ. ಮೈಸೂರು, ಕೊಯಮತ್ತೂರು, ಮಲಬಾರು ಸುತ್ತಿ ನೀಲೇಶ್ವರ, ಹೊಸದುರ್ಗ, ಬೇಕಲಗಳ ಮೂಲಕ ಚಂದ್ರಗಿರಿಗೆ ಬಂದ. ಆಗ ವಯಸ್ಸು 38. ಹೊಳೆಯ ತೆಂಕು ದಡದ ಕೋಟೆಯನ್ನು ನೋಡಿದ, ಅದು ಇಕ್ಕೇರಿ ಅರಸರದ್ದೆಂದು ಬರೆದುಕೊಂಡ. ಮಲಯಾಳ ನಾಡಿನ ಬಡಗಣ ಎಲ್ಲೆ ಈ ಹೊಳೆಯೆಂದೂ, ದಾಟಿದರೆ ತುಳುವ ನಾಡೆಂದೂ ದಾಖಲಿಸಿದ. ಮುಂದೆ 1967ರಲ್ಲಿ ಮಹಾಜನ್ ಆಯೋಗ ಚಂದ್ರಗಿರಿಯ ಬಡಗಣ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಶಿಫಾರಸು ಮಾಡಿದಾಗ, ಅದೇ ಹೊಳೆ ಮತ್ತೆ ಎಲ್ಲರ ಬಾಯಲ್ಲಿ ಬಂತು. ಲೆಕ್ಕಕ್ಕಾಗಿ ಬಂದವನು ಬರೆದ ಒಂದು ಸಾಲಿನ ವಿಷಯ ನಮಗೆ ಇಂದಿಗೂ ಬಿಸಿಯಾದ ವಿಷಯವೇ.

ಕುಂಬಳೆ, ಮಂಜೇಶ್ವರ ದಾಟಿ ಮಂಗಳೂರು ಸೇರಿದ ಆತ ದಕ್ಷಿಣ ಕನ್ನಡದ ಬೇಸಾಯವನ್ನು ಬರೆದ ಬಗೆ ನೋಡಿದರೆ ನಮ್ಮ ಹಿರಿಯರು ಮೆಚ್ಚಿಯಾರು. ಗದ್ದೆಗಳನ್ನು ಬೈಲು, ಮಜಲು, ಬೆಟ್ಟು ಎಂದು ಬೇರೆ ಬೇರೆಯಾಗಿ ಗುರುತಿಸಿದ. ಏಣಿಲು, ಸುಗ್ಗಿ, ಕೊಳಕೆ ಬೆಳೆಗಳನ್ನು ಅವುಗಳ ಹೆಸರಿನಿಂದಲೇ ದಾಖಲಿಸಿದ. ನಮ್ಮಲ್ಲಿ ಗದ್ದೆಯನ್ನು ಬಿತ್ತುವ ಬೀಜದ ಅಳತೆಯಲ್ಲಿ ಹೇಳುತ್ತಿದ್ದರಲ್ಲ, ಇಷ್ಟು ಮುಡಿಯ ಗದ್ದೆ ಎಂದು? ಊರಿಂದೂರಿಗೆ ಸೇರು, ಮುಡಿಗಳ ಅಳತೆ ಬೇರೆಯಾಗುತ್ತಿತ್ತು. ಹಾಗಾಗಿ ಆತ ಸ್ಥಳೀಯ ಅಳತೆಗಳನ್ನು ತಾಳೆ ನೋಡುತ್ತಿದ್ದ, ಕೆಲವು ಕಡೆ ಗದ್ದೆಯನ್ನೇ ಅಳೆದು ಬಾಯಿಮಾತಿಗೂ ನೆಲಕ್ಕೂ ಎಷ್ಟು ಅಂತರವಿದೆ ಎಂದು ಪರೀಕ್ಷಿಸುತ್ತಿದ್ದ. ಎರಡು ಊರಿನ ಅಂಕಿಗಳನ್ನು ಹೋಲಿಸುವ ಮೊದಲು ಎರಡರ ಅಳತೆಗೋಲೂ ಒಂದೇ ಎಂದು ಖಚಿತಪಡಿಸಿಕೊಳ್ಳಬೇಕು ಎಂಬ ಪಾಠ ಇದು. ಇಂದು ಎರಡು ಅಂಗಡಿಗಳ ವಹಿವಾಟು ಹೋಲಿಸುವವರಿಗೂ ಇದೇ ಪಾಠ.

ಆದರೆ ಒಂದು ತೊಡಕನ್ನು ಆತ ಪೂರ್ತಿ ಬಿಡಿಸಲಾರದೆ ಹೋದ. ಕೇಳುವವನು ಕಂಪೆನಿಯವನು. ಇಂದು ಬರೆದುಕೊಂಡದ್ದು ನಾಳೆ ತೆರಿಗೆಯಾದೀತೆಂಬ ಭಯ ರೈತನಿಗೆ. ಹಾಗಿರುವಾಗ ಬೆಳೆ ಎಷ್ಟಾಯಿತು ಎಂದರೆ ನಿಜ ಹೇಳುವವರು ಯಾರು? ಜನ ಮುಚ್ಚಿಡುತ್ತಾರೆಂದು ಬುಕಾನನ್ ಹಲವು ಕಡೆ ದೂರಿದ್ದಾನೆ. ಮುಚ್ಚಿಟ್ಟವರಿಗೂ ಕಾರಣವಿತ್ತು ಎಂದು ನಾವು ಇಂದು ಹೇಳಬೇಕು. ದುಭಾಷಿಗಳ ಮೂಲಕ ಕೇಳುತ್ತ, ಒಂದು ಊರಿನಲ್ಲಿ ಹೆಚ್ಚು ದಿನ ನಿಲ್ಲದೆ ಸಾಗುವವನಿಗೆ ಸಿಗುವ ಉತ್ತರಕ್ಕೆ ಒಂದು ಮಿತಿಯಿದೆ. ಕೆಲವು ಸಮುದಾಯಗಳ ಬಗ್ಗೆ ಆತನಿಗಿದ್ದ ಪೂರ್ವಗ್ರಹವೂ ಬರವಣಿಗೆಯಲ್ಲಿ ಎದ್ದು ಕಾಣುತ್ತದೆ.

ಇನ್ನೊಂದು ವಿಷಯ ಓದುವಾಗ ಮನಸ್ಸು ಭಾರವಾಗುತ್ತದೆ. ಮಲಬಾರು, ಕೆನರಾಗಳಲ್ಲಿ ಗದ್ದೆಗೆ ಇಳಿಯುತ್ತಿದ್ದ ಜೀತದಾಳುಗಳ ವಿವರವನ್ನೂ ಆತ ಬರೆದಿದ್ದಾನೆ. ಅವರಿಗೆ ಸಿಗುತ್ತಿದ್ದ ಅಕ್ಕಿ, ಬಟ್ಟೆ, ಅವರನ್ನು ಮಾರುವಾಗಿನ ಬೆಲೆ, ಎಲ್ಲವೂ ಭತ್ತ, ಎತ್ತುಗಳ ಲೆಕ್ಕದ ಸಾಲಿನಲ್ಲೇ ಬರುತ್ತವೆ. ಅವರ ಹೆಸರುಗಳಿಲ್ಲ. ಆದರೂ ಆ ಅಂಕಿಗಳು ಇರದಿದ್ದರೆ ಆ ಜನ ಎಂಥ ಬಾಳು ಬಾಳಿದರೆಂಬುದಕ್ಕೆ ನಮ್ಮಲ್ಲಿ ಸಾಕ್ಷ್ಯ ಇನ್ನೂ ಕಡಮೆಯಾಗುತ್ತಿತ್ತು.

1801ರ ಜುಲೈಯಲ್ಲಿ ಪ್ರವಾಸ ಮುಗಿಯಿತು. ದಿನಚರಿಯ ರೂಪದಲ್ಲೇ ಅದು 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ನಡುವೆ ಆತ ನೇಪಾಳಕ್ಕೂ ಹೋಗಿಬಂದ. 1807ರಿಂದ 1814ರವರೆಗೆ ಬಂಗಾಳ, ಬಿಹಾರಗಳ ಜಿಲ್ಲೆ ಜಿಲ್ಲೆಗಳನ್ನು ಇನ್ನೂ ವಿಸ್ತಾರವಾಗಿ ಸರ್ವೆ ಮಾಡಿದ. ಆ ಏಳು ವರ್ಷದ ದುಡಿಮೆಯ ಗತಿ ಏನಾಯಿತು? ಕಾಗದಗಳು ಲಂಡನ್ನಿಗೆ ಹೋಗಿ ಕಪಾಟು ಸೇರಿದವು. ಆತ ಸತ್ತು ಒಂಬತ್ತು ವರ್ಷವಾದ ಮೇಲೆ, 1838ರಲ್ಲಿ, ಮಾಂಟ್‌ಗೊಮರಿ ಮಾರ್ಟಿನ್ ಎಂಬವನು ಅವನ್ನು ಸಂಕ್ಷೇಪಿಸಿ ಅಚ್ಚು ಹಾಕಿಸಿದ. ಮುಖಪುಟದಲ್ಲಿ ಬುಕಾನನ್ ಹೆಸರೇ ಇರಲಿಲ್ಲ. 1815ರಲ್ಲಿ ಊರಿಗೆ ಹೊರಟಾಗ ತಾನು ಬರೆಯಿಸಿದ್ದ ಗಿಡಗಳ ಚಿತ್ರಗಳನ್ನು ಒಯ್ಯಲು ಗವರ್ನರ್ ಜನರಲ್ ಬಿಡಲಿಲ್ಲ. ಊರೂರಿನ ಜನರಿಂದ ವಿವರ ಸಂಗ್ರಹಿಸಿದವನಿಗೆ ತನ್ನ ಸಂಗ್ರಹವೇ ತನ್ನದಲ್ಲವೆಂದು ತಿಳಿದದ್ದು ಕೊನೆಗೆ. ತಾಯಿಯ ಕಡೆಯ ಆಸ್ತಿಯೊಂದಿಗೆ ಹ್ಯಾಮಿಲ್ಟನ್ ಎಂಬ ಹೆಸರನ್ನೂ ಪಡೆದ ಆತ 1829ರಲ್ಲಿ ತೀರಿಕೊಂಡ. ಪಾಯಸಕ್ಕೆ ಹಾಕುವ ಚಾರೋಳಿಯ ಮರಕ್ಕೆ ಸಸ್ಯಶಾಸ್ತ್ರದಲ್ಲಿ ಬುಕನಾನಿಯ ಎಂಬ ಹೆಸರಿರುವುದು ಆತನ ನೆನಪಿಗೆ.

ಈ ಜೀವನದಿಂದ ನಾವು ಏನು ತೆಗೆದುಕೊಳ್ಳಬಹುದು? ಕಾಸರಗೋಡಿನ ತೆಂಗು ಸಂಶೋಧನಾ ಕೇಂದ್ರ 1916ರಲ್ಲಿ ಶುರುವಾಯಿತು. ಅಡಿಕೆ ಧಾರಣೆ ಕುಸಿದು ಬೆಳೆಗಾರ ಕಂಗಾಲಾದಾಗ, 1973ರಲ್ಲಿ ಕರ್ನಾಟಕ, ಕೇರಳ ಎರಡೂ ಕಡೆಯವರು ಸೇರಿ ಕ್ಯಾಂಪ್ಕೊ ಕಟ್ಟಿದರು. ಹೀಗೆ ಲೆಕ್ಕ ಇಟ್ಟು ನಿರ್ಧಾರ ಮಾಡುವ ಸಂಸ್ಥೆಗಳು ನಮ್ಮ ಹಿತ್ತಿಲಲ್ಲೇ ಇವೆ. ಆದರೂ ನಮ್ಮಲ್ಲಿ ಎಷ್ಟು ಮಂದಿ ತೋಟದ ಮದ್ದು, ಕೂಲಿ, ಫಸಲುಗಳನ್ನು ಒಂದೇ ಪುಸ್ತಕದಲ್ಲಿ ಬರೆದಿಟ್ಟಿದ್ದೇವೆ? ಎಷ್ಟು ಅಂಗಡಿಯವರು ಯಾವ ಸಾಮಾನು ಯಾವ ತಿಂಗಳು ಹೋಗುತ್ತದೆಂದು ಅಂದಾಜಿನಿಂದಲ್ಲದೆ ಬರಹದಿಂದ ಹೇಳಬಲ್ಲೆವು?

ಸಂಘದ ಕೆಲಸಕ್ಕೂ ಇದು ಅನ್ವಯ. ಗಡಿನಾಡಿನ ಕನ್ನಡ ಶಾಲೆಗೆ ಮಕ್ಕಳು ಕಡಮೆಯಾಗುತ್ತಿದ್ದಾರೆ ಎಂದು ಸಭೆಯಲ್ಲಿ ಹೇಳುತ್ತೇವೆ. ಯಾವ ಶಾಲೆಗೆ, ಯಾವ ವರ್ಷದಿಂದ, ಎಷ್ಟು ಎಂದು ಯಾರಾದರೂ ಕೇಳಿದರೆ ಒಬ್ಬರ ಮುಖ ಒಬ್ಬರು ನೋಡುತ್ತೇವೆ. ನಮ್ಮ ಲೆಕ್ಕವನ್ನು ನಾವು ಬರೆಯದಿದ್ದರೆ ಹೊರಗಿನವರು ಅವರ ಅಗತ್ಯಕ್ಕೆ ಬೇಕಾದಷ್ಟನ್ನು ಬರೆದುಕೊಂಡು ಹೋಗುತ್ತಾರೆ. ಬುಕಾನನ್ ಮುಂದೆ ಹೇಳಲು ಹೆದರಿದ್ದನ್ನು ನಮ್ಮವರು ನಮ್ಮ ಮುಂದೆ ಹೆದರದೆ ಹೇಳಬಲ್ಲರು. ಕೇಳುವುದು ಯಾಕೆಂದು ಮೊದಲೇ ತಿಳಿಸಿ, ಬರೆದದ್ದನ್ನು ಕೊಟ್ಟವರಿಗೇ ಓದಿ ಹೇಳಿದರೆ ಸಾಕು. ಸದಸ್ಯರು ತಂತಮ್ಮ ಊರಿನ ಶಾಲೆಯಿಂದ ಈ ಕೆಲಸ ಆರಂಭಿಸಬೇಕೆಂದು ವಿನಂತಿ.