ಅನ್ನದ ಜೊತೆ ಅಕ್ಷರ: ಹೆಣ್ಣುಮಕ್ಕಳಿಗೆ ಶಾಲೆ ತೆರೆದ ದೊಡ್ಡಪ್ಪ ಅಪ್ಪ

ಕಮಲಾಪುರ: ಬೆಳಗ್ಗೆ ಇಲ್ಲಿಂದ ಕಲಬುರಗಿ ಬಸ್ ಹತ್ತುವ ಕಾಲೇಜು ಹುಡುಗಿಯರನ್ನು ಈಗ ಯಾರೂ ತಿರುಗಿ ನೋಡೋದಿಲ್ಲ. ಆದ್ರೆ ಮನೆ ಹೊಸ್ತಿಲು ದಾಟಿ ಓದೋಕೆ ಹೋಗೋದೇ ದೊಡ್ಡ ಸುದ್ದಿಯಾಗಿದ್ದ ಕಾಲವೂ ಇತ್ತು. ಆ ಕಾಲದಲ್ಲಿ ಹೆಣ್ಣುಮಕ್ಕಳಿಗಾಗಿ ಶಾಲೆ ತೆರೆದವರು ಕಲಬುರಗಿ ಶರಣಬಸವೇಶ್ವರ ಸಂಸ್ಥಾನದ 7ನೇ ಪೀಠಾಧಿಪತಿ ದೊಡ್ಡಪ್ಪ ಅಪ್ಪ.

ಅವರದು ದಾಸೋಹದ ಮನೆತನ. ಹಸಿದು ಬಂದವರಿಗೆ ಜಾತಿ, ಊರು ಕೇಳದೆ ಉಣಬಡಿಸೋದು ಅರಳಗುಂಡಗಿಯಿಂದ ಬಂದ ಶರಣಬಸವೇಶ್ವರರು ಹಾಕಿಕೊಟ್ಟ ದಾರಿ. ದೊಡ್ಡಪ್ಪ ಅಪ್ಪ ಅನ್ನದ ಜೊತೆ ಅಕ್ಷರವನ್ನೂ ಬಡಿಸಿದರು. 1934ರಲ್ಲಿ ಮಹಾದೇವಿ ಹೆಸರಿನಲ್ಲಿ ಹೆಣ್ಣುಮಕ್ಕಳ ಶಾಲೆ ಶುರುವಾಯಿತು.

ಆಗ ಕಲಬುರಗಿ ಹೈದರಾಬಾದ್ ನಿಜಾಮರ ಆಡಳಿತದಲ್ಲಿತ್ತು. ಸರ್ಕಾರಿ ವ್ಯವಹಾರ, ಮೇಲಿನ ಓದು ಉರ್ದುವಿನಲ್ಲಿ ನಡೀತಿತ್ತು. ಕನ್ನಡ ಮಾತಾಡುವ ಮನೆಯ ಹುಡುಗಿಗೆ ಎರಡು ಬೀಗ: ಹೆಣ್ಣು ಅನ್ನೋದು ಒಂದು, ತಿಳಿಯದ ಭಾಷೆ ಇನ್ನೊಂದು. ಮನೆಮಾತಿನಲ್ಲೇ ಕಲಿಸುವ ಶಾಲೆ ಬಂದಾಗ ಎರಡೂ ಸಡಿಲವಾದವು.

ಸ್ತ್ರೀವಾದಿ ಬೋಧನೆ ಅಂತ ಇವತ್ತು ಕರೆಯೋದರಲ್ಲಿ ಮುಖ್ಯವಾದ ಮಾತು ಮೂರು. ಕಲಿಯುವವಳ ಬದುಕಿನ ಅನುಭವವೂ ಜ್ಞಾನವೇ. ತರಗತಿಯಲ್ಲಿ ಅವಳ ದನಿಗೆ ಜಾಗ ಇರಬೇಕು. ಕಲಿಸುವವರೇ ಎಲ್ಲ ಬಲ್ಲವರು ಅನ್ನೋ ಧೋರಣೆ ಹೋಗಬೇಕು. ದೊಡ್ಡಪ್ಪ ಅಪ್ಪ ಶಾಲೆ ತೆರೆದಾಗ ಈ ಹೆಸರೇ ಚಾಲ್ತಿಯಲ್ಲಿರಲಿಲ್ಲ. ಆದರೂ ಬರದ ಭಾಷೆಯಲ್ಲಿ ಯಾವ ಹುಡುಗಿ ಎದ್ದು ನಿಂತು ಪ್ರಶ್ನೆ ಕೇಳ್ತಾಳೆ? ದನಿ ಮೂಡಬೇಕಾದರೆ ಮೊದಲು ತನ್ನ ಮಾತು ಬೇಕು.

ಶಾಲೆಯ ಹೆಸರೂ ಅಕ್ಕಮಹಾದೇವಿಯನ್ನು ನೆನಪಿಸುತ್ತದೆ. ನಮ್ಮಿಂದ ದೂರವಲ್ಲದ ಬಸವಕಲ್ಯಾಣದ ಅನುಭವ ಮಂಟಪದಲ್ಲಿ ಅಲ್ಲಮಪ್ರಭುವಿನ ಪ್ರಶ್ನೆಗಳಿಗೆ ಅಂಜದೆ ಉತ್ತರ ಕೊಟ್ಟವಳು ಅಕ್ಕ ಅನ್ನೋದು ಶೂನ್ಯಸಂಪಾದನೆ ಹೇಳುವ ಕಥೆ. ಪಾಠ ಒಪ್ಪಿಸಿ ಕೂತವಳಲ್ಲ, ವಾದ ಮಾಡಿದವಳು.

ಒಂದು ಶಾಲೆಯಿಂದ ಶುರುವಾದದ್ದು ಶರಣಬಸವೇಶ್ವರ ವಿದ್ಯಾವರ್ಧಕ ಸಂಘದ ಅಡಿಯಲ್ಲಿ ಕಾಲೇಜುಗಳವರೆಗೆ ಬೆಳೆಯಿತು. ಗೋದುತಾಯಿ ದೊಡ್ಡಪ್ಪ ಅಪ್ಪ ಅವರ ಹೆಸರಿನ ಮಹಿಳಾ ಕಾಲೇಜು ಅದರಲ್ಲೊಂದು. ದೊಡ್ಡಪ್ಪ ಅಪ್ಪ ಲಿಂಗೈಕ್ಯರಾದದ್ದು 1983ರಲ್ಲಿ.

ಅವರು ತೆರೆದ ಬಾಗಿಲು ಮುಚ್ಚಿಲ್ಲ. ಒಳಗೆ ಬಂದ ಹುಡುಗಿ ಬರೀ ನೋಟ್ಸ್ ಬರಕೊಂಡು ಹೋಗ್ತಾಳೋ, ಕೈ ಎತ್ತಿ ಯಾಕೆ ಅಂತ ಕೇಳ್ತಾಳೋ ಅನ್ನೋದು ಈಗಿನ ಶಿಕ್ಷಕರಿಗೆ ಬಿಟ್ಟದ್ದು. ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸಿದ ಮೇಲೆ ಅವರ ಮಾತು ಕೇಳೋದಕ್ಕೂ ನಾವು ತಯಾರಿರಬೇಕಲ್ಲವೇ?