ಕ್ಯಾಮೆರಾವನ್ನು ಮನೆಮನೆಗೆ ಮುಟ್ಟಿಸಿದ ಈಸ್ಟ್‌ಮನ್

ಮೊಬೈಲ್ ಫೋನಿನಲ್ಲಿ ಚಿತ್ರ ತೆಗೆಯುತ್ತಲೇ ಅದಕ್ಕಿಂತ ಉತ್ತಮ ಸಾಧನದತ್ತ ಕಣ್ಣು ಹಾಯಿಸುವ ಹವ್ಯಾಸಿಯನ್ನು ಮಿರರ್‌ಲೆಸ್ ಕ್ಯಾಮೆರಾದ ಕಡೆಗೆ ಸೆಳೆಯುವುದು ಹೇಗೆ? ಇಂದಿನ ಕ್ಯಾಮೆರಾ ಕಂಪನಿಗಳನ್ನು ಕಾಡುವ ಈ ಪ್ರಶ್ನೆಗೆ 19ನೇ ಶತಮಾನದಲ್ಲೇ ಉತ್ತರ ಕಂಡುಕೊಂಡವನು ಅಮೆರಿಕದ ಜಾರ್ಜ್ ಈಸ್ಟ್‌ಮನ್. ಕಾಲೇಜು ಮೆಟ್ಟಿಲು ಹತ್ತದ ಈ ಬ್ಯಾಂಕ್ ಗುಮಾಸ್ತ, ಪರಿಣತರ ಸ್ವತ್ತಾಗಿದ್ದ ಛಾಯಾಗ್ರಹಣವನ್ನು ಜನಸಾಮಾನ್ಯರ ಕೈಗಿತ್ತ. ಜನ ಕೊಳ್ಳುವುದು ಯಂತ್ರವನ್ನಲ್ಲ, ಅದರ ರಗಳೆಯಿಂದ ಸಿಗುವ ಬಿಡುಗಡೆಯನ್ನು ಎಂಬುದು ಆತನ ವ್ಯಾಪಾರದ ಮರ್ಮವಾಗಿತ್ತು.

ಬಡತನದ ಬಾಲ್ಯ

ಈಸ್ಟ್‌ಮನ್ ಜನಿಸಿದ್ದು 1854ರ ಜುಲೈ 12ರಂದು, ನ್ಯೂಯಾರ್ಕ್ ರಾಜ್ಯದ ವಾಟರ್‌ವಿಲ್‌ನಲ್ಲಿ. 1862ರಲ್ಲಿ ತಂದೆ ತೀರಿಕೊಂಡರು. ತಾಯಿ ಮರಿಯಾ ರೋಚೆಸ್ಟರ್ ನಗರದ ಮನೆಯಲ್ಲಿ ಊಟ-ವಸತಿಗೆ ಜನರನ್ನು ಇಟ್ಟುಕೊಂಡು ಸಂಸಾರ ತೂಗಿಸಬೇಕಾಯಿತು. ಪೋಲಿಯೊದಿಂದ ನರಳುತ್ತಿದ್ದ ಅಕ್ಕ 1870ರಲ್ಲಿ ಕಣ್ಮುಚ್ಚಿದಳು. ಅಷ್ಟರಲ್ಲಾಗಲೇ ಶಾಲೆಗೆ ಶರಣು ಹೊಡೆದಿದ್ದ ಬಾಲಕ, ವಾರಕ್ಕೆ 3 ಡಾಲರ್ ಸಂಬಳಕ್ಕೆ ವಿಮಾ ಕಚೇರಿಯೊಂದರಲ್ಲಿ ದುಡಿಯುತ್ತಿದ್ದ. 1874ರಲ್ಲಿ ರೋಚೆಸ್ಟರ್ ಸೇವಿಂಗ್ಸ್ ಬ್ಯಾಂಕಿನಲ್ಲಿ ಕಿರಿಯ ಗುಮಾಸ್ತನಾದ.

ಪ್ರವಾಸಕ್ಕೆಂದು ಕೊಂಡ ಕ್ಯಾಮೆರಾ ಆತನ ಬದುಕಿನ ದಿಕ್ಕನ್ನೇ ಬದಲಿಸಿತು. ಆ ಕಾಲದಲ್ಲಿ ಚಿತ್ರ ತೆಗೆಯಬೇಕೆಂದರೆ ದೊಡ್ಡ ಪೆಟ್ಟಿಗೆ, ಮುಕ್ಕಾಲಿ, ಗಾಜಿನ ಫಲಕಗಳು, ರಾಸಾಯನಿಕಗಳು ಹಾಗೂ ಕತ್ತಲು ಮಾಡಿಕೊಳ್ಳಲು ಗುಡಾರ, ಇವೆಲ್ಲವನ್ನೂ ಹೊತ್ತೊಯ್ಯಬೇಕಿತ್ತು. ಸಾಂತೊ ಡೊಮಿಂಗೊಗೆ ಹೋಗುವ ಯೋಜನೆ ಕೈಬಿಟ್ಟುಹೋಯಿತು. ಆ ಹೊರೆಯನ್ನು ಇಳಿಸುವ ಹಂಬಲ ಮಾತ್ರ ಉಳಿಯಿತು. ಹಗಲು ಬ್ಯಾಂಕಿನ ಲೆಕ್ಕ, ರಾತ್ರಿ ತಾಯಿಯ ಅಡುಗೆಮನೆಯಲ್ಲಿ ಒಣ ಫಲಕಗಳ ಪ್ರಯೋಗ. ಹೆನ್ರಿ ಸ್ಟ್ರಾಂಗ್ ಎಂಬ ಉದ್ಯಮಿಯ ಪಾಲುದಾರಿಕೆಯಲ್ಲಿ 1881ರಲ್ಲಿ ಕಂಪನಿ ಹುಟ್ಟಿತು. ಈಸ್ಟ್‌ಮನ್ ಬ್ಯಾಂಕ್ ಕೆಲಸಕ್ಕೆ ರಾಜೀನಾಮೆ ನೀಡಿದ. ಮರುವರ್ಷವೇ ಮಾರಿದ ಫಲಕಗಳು ಕೆಟ್ಟವೆಂಬ ದೂರು ಬಂದಾಗ ಅವನ್ನು ಹಿಂಪಡೆದು ಬದಲಿ ಫಲಕಗಳನ್ನು ಕೊಟ್ಟ. ಕೈಸುಟ್ಟುಕೊಂಡರೂ ಗ್ರಾಹಕರ ವಿಶ್ವಾಸ ಉಳಿಯಿತು.

ತಿರಸ್ಕಾರವೇ ದಾರಿ ತೋರಿತು

ಗಾಜಿನ ಬದಲು ಕಾಗದದ ಸುರುಳಿ ಬಳಸುವ ಸಾಧನವನ್ನು ವಿಲಿಯಂ ವಾಕರ್ ಜತೆಗೂಡಿ ಈಸ್ಟ್‌ಮನ್ ರೂಪಿಸಿದ. ಜನರ ಬಳಿ ಇದ್ದ ಹಳೆಯ ಕ್ಯಾಮೆರಾಗಳಿಗೇ ಇದನ್ನು ಜೋಡಿಸಬಹುದಿತ್ತು. ಆದರೆ ಕಾಗದದ ನಾರು ಚಿತ್ರದಲ್ಲಿ ಮೂಡುತ್ತಿದ್ದುದರಿಂದ ವೃತ್ತಿನಿರತರು ಅದರತ್ತ ಒಲವು ತೋರಲಿಲ್ಲ. ಆಗ ಆತ ಪರಿಣತರನ್ನು ಒಲಿಸುವ ಪ್ರಯತ್ನ ಬಿಟ್ಟು, ಅದುವರೆಗೆ ಕ್ಯಾಮೆರಾವನ್ನು ಮುಟ್ಟಿಯೇ ಇರದ ಜನರತ್ತ ತಿರುಗಿದ.

1888ರಲ್ಲಿ ಬಂದ ಕೊಡಕ್ ಈ ತಿರುವಿನ ಫಲ. ತಾಯಿಯ ತವರು ಮನೆತನದ ಹೆಸರು ಕಿಲ್ಬರ್ನ್. ಅದರ ಮೊದಲ ಅಕ್ಷರವಾದ 'ಕೆ' ಈಸ್ಟ್‌ಮನ್‌ಗೆ ಅಚ್ಚುಮೆಚ್ಚು. ಯಾವ ಭಾಷೆಯಲ್ಲೂ ಅರ್ಥವಿರದ, ಉಚ್ಚರಿಸಲು ಸುಲಭವಾದ ಹೆಸರನ್ನು ಆತನೇ ಕಟ್ಟಿದ. 25 ಡಾಲರ್ ಬೆಲೆಯ ಆ ಪೆಟ್ಟಿಗೆಯಲ್ಲಿ 100 ಚಿತ್ರಗಳಿಗಾಗುವಷ್ಟು ಸುರುಳಿ ಇರುತ್ತಿತ್ತು. ಅದು ಮುಗಿದ ಬಳಿಕ ಕ್ಯಾಮೆರಾವನ್ನೇ ರೋಚೆಸ್ಟರಿಗೆ ಕಳುಹಿಸಿ 10 ಡಾಲರ್ ತೆತ್ತರೆ, ಚಿತ್ರಗಳ ಜತೆ ಹೊಸ ಸುರುಳಿ ತುಂಬಿದ ಕ್ಯಾಮೆರಾ ಮರಳುತ್ತಿತ್ತು. ಗುಂಡಿ ಒತ್ತುವುದಷ್ಟೇ ಗ್ರಾಹಕನ ಪಾಲು, ಉಳಿದದ್ದು ಕಂಪನಿಯ ಹೊಣೆ ಎಂಬ ಭರವಸೆಯನ್ನೇ ಜಾಹೀರಾತುಗಳು ಸಾರಿದವು. ಮಸೂರದ ಗುಣಗಾನಕ್ಕಿಂತ ಪ್ರವಾಸ, ಮಕ್ಕಳು, ರಜೆಯ ಸಂತಸ ಅವುಗಳಲ್ಲಿ ಎದ್ದು ಕಂಡವು.

ಏಣಿಯ ಮೆಟ್ಟಿಲುಗಳು

1900ರಲ್ಲಿ ಬ್ರೌನಿ ಬಂತು. ಬೆಲೆ ಕೇವಲ 1 ಡಾಲರ್, ಸುರುಳಿಗೆ 15 ಸೆಂಟ್. ಮಕ್ಕಳನ್ನು ಗುರಿಯಾಗಿಸಿದ್ದ ಈ ಪೆಟ್ಟಿಗೆ ಮೊದಲ ವರ್ಷವೇ ಲಕ್ಷಕ್ಕೂ ಮೀರಿ ಮಾರಾಟವಾಯಿತು. ಬ್ರೌನಿಯಿಂದ ಆರಂಭಿಸಿದವನು ಮುಂದೆ ಮಡಚುವ ಪಾಕೆಟ್ ಕೊಡಕ್‌ಗೆ, ಅಲ್ಲಿಂದ ಇನ್ನೂ ಉತ್ತಮ ಮಸೂರದ ಮಾದರಿಗೆ ಏರಲು ಮೆಟ್ಟಿಲುಗಳು ಸಿದ್ಧವಾಗಿದ್ದವು. ಚಿತ್ರದ ಅಂಚಿನಲ್ಲಿ ದಿನಾಂಕ ಬರೆಯುವ ಸೌಲಭ್ಯವನ್ನು 1914ರಲ್ಲಿ ತಂದಾಗ, ಹಳೆಯ ಕ್ಯಾಮೆರಾ ಇದ್ದವರಿಗಾಗಿ ಹಿಂಬದಿಯ ಭಾಗವನ್ನಷ್ಟೇ ಬದಲಿಸಿಕೊಳ್ಳುವ ಅವಕಾಶವನ್ನೂ ಕಂಪನಿ ಕಲ್ಪಿಸಿತು. ಯಾವ ಮೆಟ್ಟಿಲಿನಲ್ಲಿ ನಿಂತರೂ ಗ್ರಾಹಕ ಸುರುಳಿ ಕೊಳ್ಳುತ್ತಲೇ ಇರಬೇಕಿತ್ತು; ನಿರಂತರ ಲಾಭ ಅಡಗಿದ್ದುದು ಅಲ್ಲಿಯೇ.

ಈ ಯಶಸ್ಸಿಗೆ ಕಪ್ಪು ಚುಕ್ಕೆಗಳೂ ಇವೆ. ಪಾರದರ್ಶಕ ಫಿಲ್ಮ್‌ಗಾಗಿ ಹ್ಯಾನಿಬಲ್ ಗುಡ್‌ವಿನ್ ಎಂಬ ಪಾದ್ರಿ 1887ರಲ್ಲೇ ಪೇಟೆಂಟ್ ಅರ್ಜಿ ಹಾಕಿದ್ದರು. ದೀರ್ಘ ವ್ಯಾಜ್ಯದ ಬಳಿಕ 1914ರಲ್ಲಿ ಕೊಡಕ್ 50 ಲಕ್ಷ ಡಾಲರ್ ತೆರಬೇಕಾಯಿತು. ಅದನ್ನು ಕಾಣಲು ಗುಡ್‌ವಿನ್ ಬದುಕಿರಲಿಲ್ಲ. ಮರುವರ್ಷ ನ್ಯಾಯಾಲಯವೊಂದು ಕಂಪನಿಯ ಏಕಸ್ವಾಮ್ಯವನ್ನೂ ಕಾನೂನುಬಾಹಿರವೆಂದಿತು.

ಕೊಟ್ಟು ಹೋದ ಧನಿಕ

ಅವಿವಾಹಿತನಾಗಿಯೇ ಉಳಿದ ಈಸ್ಟ್‌ಮನ್ ಗಳಿಸಿದ ಸಂಪತ್ತಿನ ಬಹುಪಾಲನ್ನು ದಾನ ಮಾಡಿದ. ಎಂಐಟಿ ಸಂಸ್ಥೆಗೆ ಸ್ಮಿತ್ ಎಂಬ ಗುಪ್ತನಾಮದಲ್ಲಿ ಕೋಟಿಗಟ್ಟಲೆ ರೂಪಾಯಿ ಬೆಲೆಯ ದೇಣಿಗೆ ಸಂದಿತು. ರೋಚೆಸ್ಟರ್ ವಿಶ್ವವಿದ್ಯಾಲಯ, ಸಂಗೀತ ಶಾಲೆ ಹಾಗೂ ಮಕ್ಕಳ ದಂತ ಚಿಕಿತ್ಸಾಲಯಗಳಿಗೂ ನೆರವು ಹರಿಯಿತು. ಕಾರ್ಮಿಕರಿಗೆ ಲಾಭದಲ್ಲಿ ಪಾಲು ನೀಡಿದವರಲ್ಲಿ ಆತನೂ ಮೊದಲಿಗರ ಸಾಲಿಗೆ ಸೇರುತ್ತಾನೆ. 1930ರಲ್ಲಿ, ಕಂಪನಿಯ ಸುವರ್ಣ ವರ್ಷದ ನೆನಪಿಗೆ, 12 ವರ್ಷ ತುಂಬುವ ಮಕ್ಕಳಿಗೆ ಸುಮಾರು 5 ಲಕ್ಷ ಕ್ಯಾಮೆರಾಗಳನ್ನು ಉಚಿತವಾಗಿ ಹಂಚಲಾಯಿತು. ಅದು ಔದಾರ್ಯವೂ ಹೌದು, ನಾಳಿನ ಗ್ರಾಹಕರ ಬಿತ್ತನೆಯೂ ಹೌದು.

ಬೆನ್ನುಹುರಿಯ ವ್ಯಾಧಿಯಿಂದ ಜರ್ಜರಿತನಾಗಿದ್ದ ಈಸ್ಟ್‌ಮನ್, 77ರ ವಯಸ್ಸಿನಲ್ಲಿ, 1932ರ ಮಾರ್ಚ್ 14ರಂದು ಸ್ವತಃ ಬದುಕಿಗೆ ತೆರೆ ಎಳೆದುಕೊಂಡ.

ಫಲಕದಿಂದ ಕಾಗದಕ್ಕೆ, ಕಾಗದದಿಂದ ಪಾರದರ್ಶಕ ಫಿಲ್ಮಿಗೆ ಸಾಗಿದ ಈಸ್ಟ್‌ಮನ್, ತನ್ನ ಚಾಲ್ತಿಯಲ್ಲಿದ್ದ ಸರಕನ್ನು ತಾನೇ ಹಳತಾಗಿಸಲು ಹಿಂಜರಿಯಲಿಲ್ಲ. ಕಂಪನಿ ಮಾತ್ರ ಆ ಗುಣವನ್ನು ಉಳಿಸಿಕೊಳ್ಳಲಿಲ್ಲ. ಅಲ್ಲಿನ ಎಂಜಿನಿಯರ್ ಸ್ಟೀವನ್ ಸ್ಯಾಸನ್ 1975ರಲ್ಲೇ ಡಿಜಿಟಲ್ ಕ್ಯಾಮೆರಾ ನಿರ್ಮಿಸಿದ್ದರೂ, ಫಿಲ್ಮಿನ ಲಾಭದ ಮೋಹ ಬಿಡಲಾಗದೆ 2012ರಲ್ಲಿ ಅದು ದಿವಾಳಿತನದ ರಕ್ಷಣೆ ಕೋರಿತು. 2008ರಲ್ಲಿ ಪ್ಯಾನಸೋನಿಕ್‌ನ ಲುಮಿಕ್ಸ್ ಜಿ1, ಒಳಗಿನ ಕನ್ನಡಿಯನ್ನು ಕೈಬಿಟ್ಟು ಕ್ಯಾಮೆರಾದ ಗಾತ್ರ ತಗ್ಗಿಸಿದ್ದು ಒಂದರ್ಥದಲ್ಲಿ ಈಸ್ಟ್‌ಮನ್ ಹಿಡಿದ ದಾರಿಯೇ. ಹೊಸ ಕ್ಯಾಮೆರಾ ಮಾರುವವರು ಪಿಕ್ಸೆಲ್‌ಗಳ ಲೆಕ್ಕ ಒಪ್ಪಿಸುವ ಮುನ್ನ, ಗ್ರಾಹಕನ ಹೆಗಲಿನಿಂದ ಯಾವ ಹೊರೆ ಇಳಿಸುತ್ತಿದ್ದೇವೆ ಎಂದು ಕೇಳಿಕೊಳ್ಳಬೇಕೆಂಬುದೇ ರೋಚೆಸ್ಟರಿನ ಗುಮಾಸ್ತನ ಬದುಕು ಕಲಿಸುವ ಪಾಠ.