ಕೆಲಸಗಾರರ ಕಷ್ಟ ಅರಿತ ಜಮ್‌ಷೆಡ್‌ಜಿ ಟಾಟಾ

ನಮ್ಮ ನೆರೆಯ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ ಇದೆಯಲ್ಲ, ಆ ಸಂಸ್ಥೆಯ ಕನಸು ಕಂಡವರು ಜಮ್‌ಷೆಡ್‌ಜಿ ಟಾಟಾ. ಬೆಂಗಳೂರಿನ ಹಳಬರು ಅದನ್ನು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಾರೆ.

ಟಾಟಾ ಹುಟ್ಟಿದ್ದು 1839ರಲ್ಲಿ, ಗುಜರಾತಿನ ನವಸಾರಿಯ ಪಾರ್ಸಿ ಮನೆತನದಲ್ಲಿ. 1877ರಲ್ಲಿ ನಾಗಪುರದಲ್ಲಿ ಎಂಪ್ರೆಸ್ ಬಟ್ಟೆ ಗಿರಣಿ ತೆರೆದರು. ಅಲ್ಲಿ ಕೆಲಸಗಾರರು ಹೇಳದೆ ಕೇಳದೆ ಗೈರುಹಾಜರಾಗುತ್ತಿದ್ದರು. ಬೇರೆ ಮಾಲೀಕರಾಗಿದ್ದರೆ ಕೂಲಿ ಹಿಡಿಯುತ್ತಿದ್ದರೇನೋ. ಟಾಟಾ ಹಿಡಿದ ದಾರಿಯೇ ಬೇರೆ. ಗಿರಣಿಯೊಳಗೆ ಗಾಳಿಯಾಡುವ ವ್ಯವಸ್ಥೆ ಮಾಡಿಸಿದರು. ಆಟೋಟ ನಡೆಸಿ ಬಹುಮಾನ ಕೊಡಿಸಿದರು. 1886ರಲ್ಲಿ ಪಿಂಚಣಿ ನಿಧಿ, 1895ರಲ್ಲಿ ಅಪಘಾತ ಪರಿಹಾರ ಬಂತು. ಅಪಘಾತ ಪರಿಹಾರಕ್ಕೆ ಸರ್ಕಾರ ಕಾಯ್ದೆ ಮಾಡಿದ್ದು 1923ರಲ್ಲಿ! ಇದೆಲ್ಲ ಬರೀ ಧಾರಾಳತನವೂ ಅಲ್ಲ. ಜನ ನೆಮ್ಮದಿಯಿಂದಿದ್ದರೆ ಗಿರಣಿಗೂ ಲಾಭ ಎಂಬ ವ್ಯಾಪಾರಿಯ ಲೆಕ್ಕವೂ ಅದರಲ್ಲಿತ್ತು.

ಉಕ್ಕಿನ ಕಾರ್ಖಾನೆಯ ಜಾಗವಿನ್ನೂ ಗೊತ್ತಾಗದ ಕಾಲದಲ್ಲೇ, 1902ರಲ್ಲಿ, ಮಗ ದೊರಾಬ್‌ಗೆ ಪತ್ರ ಬರೆದರು. ಕೆಲಸಗಾರರ ಊರಿಗೆ ಅಗಲ ರಸ್ತೆ, ನೆರಳಿನ ಮರ, ಆಟದ ಬಯಲು ಬೇಕು. ಮಂದಿರ, ಮಸೀದಿ, ಚರ್ಚುಗಳಿಗೆ ಜಾಗ ಬಿಡಬೇಕು ಎಂದು ತಿಳಿಸಿದರು. 1904ರಲ್ಲಿ ಜರ್ಮನಿಯಲ್ಲಿ ತೀರಿಕೊಂಡರು. ಆ ಊರೇ ಮುಂದೆ ಜಮ್‌ಷೆಡ್‌ಪುರವಾಯಿತು. 1912ರಲ್ಲಿ ಅಲ್ಲಿನ ಕಾರ್ಖಾನೆಯಲ್ಲಿ ದಿನಕ್ಕೆ ಎಂಟು ಗಂಟೆ ದುಡಿಮೆಯ ಪದ್ಧತಿ ಜಾರಿಗೆ ಬಂತು.